ಓದುವುದೂ ಒಪ್ಪಿಸುವುದೂ

ಪಾಠವನ್ನು ಓದುವುದು ಬೇರೆ, ಒಪ್ಪಿಸುವುದು ಬೇರೆ. ಈ ಎರಡು ಮಾತುಗಳೂ ಕನ್ನಡಿಗರ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರತಕ್ಕವೇ ಆದರೂ, ಅವುಗಳಿಗಿರುವ ಅಂತರವನ್ನು ಆಲೋಚಿಸುವವರು ವಿರಳ. ಓದುವಾಗ ಪುಸ್ತಕವು ಕಣ್ಣೆದುರಿಗೆ ತೆರೆದಿರುತ್ತದೆ. ಒಪ್ಪಿಸುವಾಗ ಅದು ಮುಚ್ಚಿರುತ್ತದೆ, ಇಲ್ಲವೆ ಗುರುವಿನ ಕೈಯಲ್ಲಿರುತ್ತದೆ. ಓದುವವನು ಗ್ರಂಥದಿಂದ ತೆಗೆದುಕೊಳ್ಳುತ್ತಾನೆ. ಒಪ್ಪಿಸುವವನು ತನ್ನೊಳಗಿನಿಂದ ತೆಗೆದು ಕೊಡುತ್ತಾನೆ. ಒಬ್ಬರು ನಂಬಿ ಕೊಟ್ಟ ಒಡವೆಯನ್ನು ಹಾಗೆಯೇ ಅವರ ಕೈಗೆ ಹಿಂದಿರುಗಿಸುವುದಕ್ಕೂ ಕನ್ನಡದಲ್ಲಿ ಒಪ್ಪಿಸುವುದೆಂದೇ ಹೆಸರು. ಇಂಗ್ಲಿಷ್ ಶಬ್ದಗಳನ್ನು ಕಲಿತು ನೆನಪಿನಲ್ಲಿಡುವ ವಿಷಯದಲ್ಲಿ ಈಗ ಮಕ್ಕಳು ಪಡುವ ಕಷ್ಟದ ಬಹುಭಾಗವು, ಓದುವುದು ಹೆಚ್ಚಿ ಒಪ್ಪಿಸುವುದು ನಿಂತುಹೋದುದರಿಂದ ಬಂದುದೆಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ವಿದ್ಯಾವಂತರ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವ ಕ್ರಮವು ಎಲ್ಲರಿಗೂ ತಿಳಿದುದೇ. ಹುಡುಗನು ಒಂದು ಉದ್ದನೆಯ ಪುಸ್ತಕವನ್ನು ಕೊಂಡು ತರುತ್ತಾನೆ; ಹಾಳೆಯ ನಡುವೆ ಗೆರೆಯೆಳೆದು ಎಡಗಡೆಗೆ ಇಂಗ್ಲಿಷ್ ಶಬ್ದವನ್ನೂ ಬಲಗಡೆಗೆ ಕನ್ನಡದ ಅರ್ಥವನ್ನೂ ಬರೆಯುತ್ತಾನೆ. ಬರೆದುದನ್ನು ನಾಲ್ಕು ಬಾರಿ ಓದುತ್ತಾನೆ. ಕಠಿನವೆಂದು ತೋರಿದ ಶಬ್ದಗಳ ಕೆಳಗೆ ಕೆಂಪು ಗೆರೆಯನ್ನು ಹಾಕುತ್ತಾನೆ. ಆ ಸಂಜೆ ಎಲ್ಲವೂ ಬಂದಂತೆಯೇ ಇರುತ್ತದೆ. ವಾರ ಕಳೆದ ಮೇಲೆ ನೋಡಿದರೆ ಮೂವತ್ತರಲ್ಲಿ ಐದಾರು ಶಬ್ದಗಳು ಮಾತ್ರ ಉಳಿದಿರುತ್ತವೆ. ಆಗ ಮನೆಯ ಹಿರಿಯರು, "ಇವನಿಗೆ ಜ್ಞಾಪಕಶಕ್ತಿ ಸಾಲದು" ಎಂದು ತೀರ್ಪು ಕೊಡುತ್ತಾರೆ; ಹುಡುಗನು ಆ ತೀರ್ಪನ್ನು ನಂಬುತ್ತಾನೆ. ಶಬ್ದಗಳನ್ನು ಮರೆತುದಕ್ಕಿಂತ ಈ ನಂಬಿಕೆಯೇ ಹೆಚ್ಚಿನ ಹಾನಿ. ಮರೆತ ಶಬ್ದವನ್ನು ಇನ್ನೊಮ್ಮೆ ಕಲಿಯಬಹುದು. ತನ್ನ ತಲೆಯೇ ಸರಿಯಿಲ್ಲವೆಂದು ನಂಬಿದವನು ಇನ್ನೊಮ್ಮೆ ಕಲಿಯುವುದಕ್ಕೇ ಹೋಗುವುದಿಲ್ಲ.

ಇದು ಬರಿಯ ಭಾಷಾಭಿರುಚಿಯ ಮಾತಾಗಿದ್ದಿದ್ದರೆ ಇಷ್ಟು ಚಿಂತಿಸಬೇಕಾಗಿರಲಿಲ್ಲ. ಕರ್ನಾಟಕದಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ಮಕ್ಕಳು ಪದವಿಪೂರ್ವ ವಿಜ್ಞಾನ ತರಗತಿಗೆ ಕಾಲಿಟ್ಟ ಕೂಡಲೆ, ಅದೇ ಭೌತಶಾಸ್ತ್ರವನ್ನೂ ಅದೇ ರಸಾಯನಶಾಸ್ತ್ರವನ್ನೂ ಇಂಗ್ಲಿಷಿನಲ್ಲಿ ಕೇಳಬೇಕಾಗುತ್ತದೆ. ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ ಹೀಗೆಯೇ ಆಯಿತು. ಕನ್ನಡದ ಶಾಲೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದ ಬಾಲಿಕೆಯೊಬ್ಬಳು ವಿಜ್ಞಾನವನ್ನು ಆರಿಸಿಕೊಂಡು ಕಾಲೇಜಿಗೆ ಹೋದಳು. ವೇಗೋತ್ಕರ್ಷ, ಸಂವೇಗ, ಜಡತ್ವ ಇವೆಲ್ಲ ಅವಳಿಗೆ ಚೆನ್ನಾಗಿ ತಿಳಿದಿದ್ದ ವಿಷಯಗಳು. ಆದರೆ ಉಪನ್ಯಾಸಕರು 'ಆಕ್ಸಿಲರೇಷನ್' ಎಂದಾಗ, ತಾನು ಬಲ್ಲ ವೇಗೋತ್ಕರ್ಷವೇ ವೇಷ ಬದಲಿಸಿ ಬಂದಿದೆಯೆಂಬುದನ್ನು ಗುರುತಿಸುವಷ್ಟರಲ್ಲಿ ಪಾಠವು ಎರಡು ವಾಕ್ಯ ಮುಂದೆ ಸರಿದಿರುತ್ತಿತ್ತು. ಎರಡು ತಿಂಗಳಲ್ಲಿ ಅವಳು ಇನ್ನೂರು ಶಬ್ದಗಳನ್ನು ಬರೆದಿಟ್ಟಳು, ದಿನವೂ ಓದಿದಳು, ದಿನವೂ ಮರೆತಳು. ಕಡೆಗೆ, ವಿಜ್ಞಾನವನ್ನು ಬಿಟ್ಟುಬಿಡುವೆನೆಂದು ಮನೆಯಲ್ಲಿ ಹೇಳಿದಳು. ವಿಜ್ಞಾನವು ಅವಳನ್ನು ಸೋಲಿಸಿರಲಿಲ್ಲ. ಅವಳಿಗೂ ಅದಕ್ಕೂ ನಡುವೆ ನಿಂತಿದ್ದುದು ಇನ್ನೂರು ಶಬ್ದಗಳ ಒಂದು ಗೋಡೆ.

ಮರೆವು ಮಂದಬುದ್ಧಿಯ ಲಕ್ಷಣವೆಂಬ ಭಾವನೆಯನ್ನು ಮೊದಲು ಕಿತ್ತೊಗೆಯಬೇಕು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ೧೮೮೫ರಲ್ಲಿ ನೆನಪಿನ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅವನು ಪರೀಕ್ಷಿಸಿದುದು ಬೇರೆಯವರನ್ನಲ್ಲ, ತನ್ನನ್ನೇ. ಅರ್ಥವಿಲ್ಲದ ಅಕ್ಷರಪುಂಜಗಳನ್ನು ಕಂಠಪಾಠ ಮಾಡಿ, ನಿಯತವಾದ ಕಾಲ ಕಳೆದ ಮೇಲೆ ಅವನ್ನೇ ಮತ್ತೆ ಕಲಿತು, ಮೊದಲನೆಯ ಸಲಕ್ಕಿಂತ ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂಬುದನ್ನು ಅಳೆದು ನೋಡಿದನು. ೨೦ ನಿಮಿಷಗಳ ತರುವಾಯ ಶೇಕಡ ೫೮ರಷ್ಟೂ, ಒಂದು ಗಂಟೆಯ ತರುವಾಯ ೪೪ರಷ್ಟೂ, ಒಂದು ದಿನದ ತರುವಾಯ ೩೪ರಷ್ಟೂ, ೬ ದಿನಗಳ ತರುವಾಯ ೨೫ರಷ್ಟೂ, ೩೧ ದಿನಗಳ ತರುವಾಯ ೨೧ರಷ್ಟೂ ಶ್ರಮ ಉಳಿಯಿತು. ೨೦೧೫ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು ಇದೇ ಪ್ರಯೋಗವನ್ನು ಮರಳಿ ನಡೆಸಿದಾಗ ಬಂದ ಫಲವೂ ಹೆಚ್ಚುಕಡಮೆ ಇದೇ ಆಗಿದ್ದಿತು.

ಈ ಲೆಕ್ಕದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮರೆವಿನ ದೊಡ್ಡ ಪಾಲು ಮೊದಲನೆಯ ದಿನವೇ ನಡೆದುಹೋಗುತ್ತದೆ. ಆಮೇಲೆ ಅದರ ನಡಿಗೆ ನಿಧಾನವಾಗುತ್ತದೆ. ಎರಡನೆಯದಾಗಿ, ಪೂರ್ತಿಯಾಗಿ ಮರೆತುಹೋಯಿತೆಂದು ತೋರಿದಾಗಲೂ ಏನೋ ಒಂದಂಶವು ಒಳಗೆ ಉಳಿದಿರುತ್ತದೆ. ತಿಂಗಳು ಕಳೆದರೂ ಐದರಲ್ಲೊಂದು ಪಾಲು ಶ್ರಮ ಉಳಿಯುವುದು ಅದಕ್ಕೆ ಸಾಕ್ಷಿ. ಅದೇ ವಿದ್ವಾಂಸನು ಇನ್ನೊಂದು ವಿಷಯವನ್ನೂ ಕಂಡುಕೊಂಡನು. ಒಂದೇ ದಿನ ೬೮ ಆವೃತ್ತಿಗಳನ್ನು ಮಾಡಿದ್ದರಿಂದ ಬಂದ ಫಲವು, ಮೂರು ದಿನಗಳಲ್ಲಿ ಹಂಚಿ ೩೮ ಆವೃತ್ತಿಗಳನ್ನು ಮಾಡಿದ್ದರಿಂದಲೂ ಬಂದಿತು. ಮಳೆಯ ನೀರು ಒಮ್ಮೆಲೇ ಸುರಿದರೆ ಹರಿದುಹೋಗುತ್ತದೆ, ಬಿಟ್ಟು ಬಿಟ್ಟು ಬಂದರೆ ಇಂಗುತ್ತದೆ ಎಂಬುದು ಒಕ್ಕಲಿಗನಿಗೆ ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿ ಕುಳಿತು ಓದುವ ವಿದ್ಯಾರ್ಥಿಗೆ ಅದು ಗೊತ್ತಿಲ್ಲ.

ಬಿಟ್ಟು ಬಿಟ್ಟು ಓದಿದರೆ ಸಾಕೆ? ಸಾಲದೆಂಬುದು ಅಮೆರಿಕದ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ ಎಂಬವರು ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ತಿಳಿಯುತ್ತದೆ. ಅವರು ಕಾಲೇಜು ವಿದ್ಯಾರ್ಥಿಗಳಿಗೆ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ೪೦ ಶಬ್ದಗಳನ್ನು ಇಂಗ್ಲಿಷ್ ಅರ್ಥದೊಡನೆ ಕಲಿಸಿದರು. ಒಂದು ಶಬ್ದವು ಒಮ್ಮೆ ಸರಿಯಾಗಿ ಬಂದ ಮೇಲೂ ಕೆಲವರು ಅದನ್ನು ಮತ್ತೆ ಮತ್ತೆ ಒಪ್ಪಿಸುತ್ತಿದ್ದರು. ಕೆಲವರು ಅದನ್ನು ಒಪ್ಪಿಸುವುದನ್ನು ನಿಲ್ಲಿಸಿ ಓದುವುದನ್ನು ಮಾತ್ರ ಮುಂದುವರಿಸಿದರು. ವಾರ ಕಳೆದ ಮೇಲೆ ಪರೀಕ್ಷಿಸಲಾಗಿ, ಒಪ್ಪಿಸುತ್ತ ಬಂದವರಿಗೆ ನೂರಕ್ಕೆ ಸುಮಾರು ೮೦ ಶಬ್ದಗಳ ಪ್ರಮಾಣದಲ್ಲಿ ನೆನಪಿದ್ದಿತು. ಓದುತ್ತ ಮಾತ್ರ ಬಂದವರಿಗೆ ಸುಮಾರು ಮೂರರಲ್ಲೊಂದು ಪಾಲು ನೆನಪಿದ್ದಿತು. ಇದರಲ್ಲಿ ಇನ್ನೂ ವಿಚಾರಾರ್ಹವಾದುದು ಮತ್ತೊಂದುಂಟು. ವಾರದ ತರುವಾಯ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದ್ದಾಗ, ಎಲ್ಲ ಗುಂಪಿನವರೂ ಅರ್ಧದಷ್ಟು ನೆನಪಿರುವುದೆಂದೇ ಊಹಿಸಿದ್ದರು. ತನಗೆ ಬಂದಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ಕಲಿಯುವವನ ಸ್ವಂತ ತೀರ್ಪು ನಂಬಲರ್ಹವಾದುದಲ್ಲವೆಂದಾಯಿತು.

ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಜಾತ್ರೆಯಲ್ಲಿ ಎದುರಿಗೆ ಬಂದವನ ಮುಖವನ್ನು ಎಲ್ಲಿಯೋ ನೋಡಿದಂತಿದೆಯೆಂದು ತಿಳಿಯುವುದು ಸುಲಭ. ಅವನನ್ನು ಹೆಸರು ಹಿಡಿದು ಕರೆಯುವುದು ಬೇರೆಯೇ ಸಂಗತಿ. ಓದುವಿಕೆಯು ಮುಖಪರಿಚಯವನ್ನು ಕೊಡುತ್ತದೆ. ಪುಸ್ತಕವನ್ನು ತೆರೆದಾಗಲೆಲ್ಲ ಶಬ್ದವೂ ಅರ್ಥವೂ ಜೊತೆಯಾಗಿಯೇ ಕಣ್ಣಿಗೆ ಬೀಳುವುದರಿಂದ, ಒಂದರಿಂದ ಇನ್ನೊಂದನ್ನು ಹುಡುಕುವ ಕೆಲಸವೇ ಮನಸ್ಸಿಗೆ ಬೀಳುವುದಿಲ್ಲ. ಆದರೆ ತರಗತಿಯಲ್ಲಾಗಲಿ, ಮಾತಿನಲ್ಲಾಗಲಿ, ಬರವಣಿಗೆಯಲ್ಲಾಗಲಿ ಬೇಕಾಗುವುದು ಆ ಹುಡುಕುವ ಕೆಲಸವೇ. ಯಾವ ಕೆಲಸ ಬೇಕೋ ಆ ಕೆಲಸದಲ್ಲಿಯೇ ಅಭ್ಯಾಸ ನಡೆಯಬೇಕಲ್ಲದೆ ಅದರ ಪಕ್ಕದ ಕೆಲಸದಲ್ಲಲ್ಲ.

ಸಂಸ್ಕೃತ ಪಾಠಶಾಲೆಗಳಲ್ಲಿ ನಡೆದುಬಂದ ಕ್ರಮವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಅಲ್ಲಿ ಹುಡುಗನು ಏನನ್ನು ಓದಿದನೆಂದು ಯಾರೂ ಕೇಳುತ್ತಿರಲಿಲ್ಲ; ಏನನ್ನು ಒಪ್ಪಿಸಿದನೆಂದು ಕೇಳುತ್ತಿದ್ದರು. ನಿನ್ನೆಯ ಪಾಠವನ್ನು ಒಪ್ಪಿಸದೆ ಇಂದಿನ ಪಾಠವಿಲ್ಲ. ಪ್ರತಿಪತ್ತು, ಅಷ್ಟಮಿ ಮೊದಲಾದ ಅನಧ್ಯಯನದ ದಿನಗಳಲ್ಲಿ ಹೊಸ ವೇದಪಾಠವು ನಡೆಯುತ್ತಿರಲಿಲ್ಲವಾದುದರಿಂದ, ಹಳೆಯದು ನೆಲೆನಿಲ್ಲುವುದಕ್ಕೆ ಪಕ್ಷಪಕ್ಷಕ್ಕೂ ಬಿಡುವು ದೊರೆಯುತ್ತಿದ್ದಿತು. ಶಬ್ದಸಂಪತ್ತಿಗೆ ಅಮರಸಿಂಹನ ಕೋಶವಿದ್ದಿತು. ನಾಮಲಿಂಗಾನುಶಾಸನವೆಂಬ ನಿಜನಾಮವುಳ್ಳ ಆ ಗ್ರಂಥದಲ್ಲಿ ಮೂರು ಕಾಂಡಗಳೂ ಸುಮಾರು ೧೫೦೦ ಶ್ಲೋಕಗಳೂ ಇವೆ. ಸ್ವರ್ಗ, ದಿಕ್ಕು, ಕಾಲ, ಭೂಮಿ, ಪುರ, ಪರ್ವತ, ವನೌಷಧಿ, ಮನುಷ್ಯ ಎಂದು ವಿಷಯವಿಭಾಗಕ್ಕನುಸಾರವಾಗಿ ಶಬ್ದಗಳನ್ನು ಜೋಡಿಸಿ, ಛಂದಸ್ಸಿನಲ್ಲಿ ಕಟ್ಟಿ, ಪುಸ್ತಕವಿಲ್ಲದಿದ್ದರೂ ಬಾಯಲ್ಲಿ ನಿಲ್ಲುವಂತೆ ಅದನ್ನು ರಚಿಸಿದ್ದಾನೆ. ಕನ್ನಡದಲ್ಲಿಯೂ ನಿಘಂಟುಕಾರರು ಇದೇ ದಾರಿಯಲ್ಲಿ ನಡೆದು ಪದ್ಯರೂಪವಾದ ಕೋಶಗಳನ್ನು ರಚಿಸಿದರು.

ಈ ಕೋಶಕ್ಕೂ ಇಂಗ್ಲಿಷ್ ಭಾಷೆಗೂ ಒಂದು ಸ್ವಾರಸ್ಯವಾದ ಸಂಬಂಧವುಂಟು. ಪೀಟರ್ ಮಾರ್ಕ್ ರೋಜೆಟ್ ಎಂಬ ವೈದ್ಯನು ೧೮೫೨ರಲ್ಲಿ ಇಂಗ್ಲಿಷ್ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸದೆ ಅರ್ಥವಿಭಾಗಕ್ಕನುಸಾರವಾಗಿ ಜೋಡಿಸಿ 'ಥೆಸಾರಸ್' ಎಂಬ ಕೋಶವನ್ನು ಪ್ರಕಟಿಸಿದನು. ಇಂಗ್ಲಿಷ್ ಬರೆಯುವವರ ಮೇಜಿನ ಮೇಲೆ ಇಂದಿಗೂ ಇರುವ ಆ ಗ್ರಂಥದ ಪೀಠಿಕೆಯಲ್ಲಿ, ಇಂಥದೇ ಕ್ರಮವುಳ್ಳ ಹಿಂದಿನ ಕೃತಿಯೆಂದು ಅವನು ಅಮರಕೋಶವನ್ನು ಸ್ಮರಿಸಿದ್ದಾನೆ. ಶ್ರೀರಾಮಪುರದಲ್ಲಿ ೧೮೦೮ರಲ್ಲಿ ಅಚ್ಚಾದ ಕೋಲ್‌ಬ್ರೂಕನ ಆವೃತ್ತಿಯು ಅವನ ಗಮನಕ್ಕೆ ಬಂದಿದ್ದಿತು.

ಹೀಗೆಂದ ಮಾತ್ರಕ್ಕೆ ಪಾಠಶಾಲೆಯ ಕ್ರಮವನ್ನು ಯಥಾವತ್ತಾಗಿ ಇಂಗ್ಲಿಷಿಗೆ ಹಚ್ಚಬೇಕೆಂದು ತಿಳಿಯಬಾರದು. ಅದರಲ್ಲಿ ದೋಷಗಳೂ ಇದ್ದುವು. ಅರವತ್ತು ಸಂವತ್ಸರಗಳ ಹೆಸರುಗಳನ್ನು ಪ್ರಭವದಿಂದ ಹಿಡಿದು ತಡೆಯಿಲ್ಲದೆ ಹೇಳಬಲ್ಲ ಮುದುಕರು ಇನ್ನೂ ಇದ್ದಾರೆ; ಆದರೆ ಮೂವತ್ತನಾಲ್ಕನೆಯದು ಯಾವುದೆಂದು ಹಠಾತ್ತಾಗಿ ಕೇಳಿದರೆ, ಬೆರಳು ಮಡಿಸುತ್ತ ಪ್ರಭವದಿಂದಲೇ ಹೊರಟು ಶಾರ್ವರಿಗೆ ಬರಬೇಕಾಗುತ್ತದೆ. ಸಾಲಿನಲ್ಲಿ ಕಲಿತುದು ಸಾಲಿನಲ್ಲಿಯೇ ಬರುತ್ತದೆ. ಸಂವತ್ಸರಗಳಿಗೆ ಸಾಲೇ ಮುಖ್ಯವಾದುದರಿಂದ ಅಲ್ಲಿ ಬಾಧೆಯಿಲ್ಲ. ಇಂಗ್ಲಿಷ್ ಶಬ್ದಗಳಾದರೋ ಮಾತಿನ ನಡುವೆ ಯಾವ ಸಾಲೂ ಇಲ್ಲದೆ ಬಂದು ಎರಗುತ್ತವೆ. ಪುಸ್ತಕದಲ್ಲಿ ಬರೆದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಮಾತ್ರ ಒಪ್ಪಿಸಿದವನಿಗೆ, ಹಿಂದಿನ ಶಬ್ದವೇ ಮುಂದಿನದಕ್ಕೆ ಸೂಚನೆಯಾಗಿ ನಿಂತಿರುತ್ತದೆ. ಆ ಸೂಚನೆ ತಪ್ಪಿದಾಗ ಶಬ್ದವೂ ತಪ್ಪುತ್ತದೆ.

ಎರಡನೆಯ ದೋಷವು ಪರ್ಯಾಯಪದಗಳದು. ಅಗ್ನಿಗೆ ಇಷ್ಟು ಹೆಸರು, ಕಮಲಕ್ಕೆ ಇಷ್ಟು ಹೆಸರು ಎಂದು ಒಟ್ಟಿಗೆ ಕಲಿಯುವುದು, ಅವುಗಳಲ್ಲಿ ಕೆಲವನ್ನಾದರೂ ಕಾವ್ಯದಲ್ಲಿಯೋ ಸ್ತೋತ್ರದಲ್ಲಿಯೋ ಕೇಳಿದವನಿಗೆ ಸರಿ. ಯಾವುದನ್ನೂ ಅರಿಯದ ಹೊಸಬನಿಗೆ ಒಂದೇ ಜಾತಿಯ ಶಬ್ದಗಳನ್ನು ಒಮ್ಮೆಲೇ ಕೊಟ್ಟರೆ ಅವು ಒಂದನ್ನೊಂದು ತುಳಿಯುತ್ತವೆ. ಥಾಮಸ್ ಟಿಂಕ್‌ಹ್ಯಾಮ್ ಎಂಬವರು ೧೯೯೩ರಲ್ಲಿಯೂ ೧೯೯೭ರಲ್ಲಿಯೂ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ವರ್ಗಕ್ಕೆ ಸೇರಿದ ಶಬ್ದಗಳನ್ನು ಕಲಿಯುವುದಕ್ಕೆ, ಪರಸ್ಪರ ಸಂಬಂಧವಿಲ್ಲದ ಶಬ್ದಗಳನ್ನು ಕಲಿಯುವುದಕ್ಕಿಂತ ಹೆಚ್ಚು ಪ್ರಯತ್ನ ಬೇಕಾಯಿತು. ಎಡ ಬಲಗಳನ್ನು ಒಂದೇ ದಿನ ಕಲಿತ ಮಗು ಬಹುಕಾಲ ಎರಡನ್ನೂ ಅದಲುಬದಲು ಮಾಡುವುದನ್ನು ಎಲ್ಲ ತಾಯಂದಿರೂ ಕಂಡಿದ್ದಾರೆ. ಮೂರನೆಯ ದೋಷವು ಎಲ್ಲರೂ ಬಲ್ಲುದು: ಅರ್ಥವನ್ನು ಮುಂದಕ್ಕೆ ಹಾಕಿ ಶಬ್ದವನ್ನು ಮಾತ್ರ ಗಟ್ಟಿಮಾಡುವುದು. ಆದುದರಿಂದ ಪಾಠಶಾಲೆಯಿಂದ ಒಪ್ಪಿಸುವಿಕೆಯನ್ನೂ ಆವೃತ್ತಿಯನ್ನೂ ತೆಗೆದುಕೊಂಡು, ಸಾಲನ್ನೂ ಪರ್ಯಾಯಗಳ ರಾಶಿಯನ್ನೂ ಬಿಡುವುದು ವಿವೇಕ.

ಇನ್ನು ಯಾವ ಶಬ್ದಗಳನ್ನು ಕಲಿಯಬೇಕೆಂಬ ಪ್ರಶ್ನೆ. ನಿಘಂಟಿನ ಮೊದಲನೆಯ ಪುಟದಿಂದ ಆರಂಭಿಸಿ ಕೆಲವು ದಿನಗಳಲ್ಲಿ ಕೈಬಿಟ್ಟವರು ಊರಿಗೊಬ್ಬರಾದರೂ ಇರುತ್ತಾರೆ. ಬಂಗಾಳದ ಢಾಕಾ ನಗರದಲ್ಲಿ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಎಂಬ ಆಂಗ್ಲ ವಿದ್ವಾಂಸನು, ಬಂಗಾಳಿ ಬಾಲಕರು ಇಂಗ್ಲಿಷ್ ಓದಲು ಪಡುವ ಪಾಡನ್ನು ಕಂಡು, ೧೯೨೬ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಕುರಿತು ಗ್ರಂಥವನ್ನು ಬರೆದನು. ವಾಚಕಪುಸ್ತಕಗಳಲ್ಲಿ ಹೊಸ ಶಬ್ದಗಳು ಕಿಕ್ಕಿರಿದಿರುವುದೂ, ವಿರಳಪ್ರಯೋಗದ ಶಬ್ದಗಳು ಮೊದಲೇ ಬರುವುದೂ ತಪ್ಪೆಂದು ಅವನ ಮತ. ಅವನ ಸಂಪಾದಕತ್ವದಲ್ಲಿ ೧೯೫೩ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಅತ್ಯಂತ ಬಳಕೆಯುಳ್ಳ ಸುಮಾರು ೨೦೦೦ ಮೂಲಶಬ್ದಗಳಿದ್ದುವು. ಸಾಧಾರಣ ಬರವಣಿಗೆಯ ಯಾವ ಪುಟವನ್ನು ತೆಗೆದರೂ ಅದರ ನೂರು ಶಬ್ದಗಳಲ್ಲಿ ಹೆಚ್ಚುಕಡಮೆ ಎಂಬತ್ತು ಇವುಗಳಿಂದಲೇ ಆಗಿರುತ್ತವೆ. ವೃತ್ತಪತ್ರಿಕೆಯನ್ನೂ ಕಾದಂಬರಿಯನ್ನೂ ಯಾರ ಸಹಾಯವೂ ಇಲ್ಲದೆ ಓದಬೇಕಾದರೆ ಎಂಟು ಒಂಬತ್ತು ಸಾವಿರ ಶಬ್ದಕುಟುಂಬಗಳು ಬೇಕೆಂದು ನ್ಯೂಜಿಲೆಂಡಿನ ಪಾಲ್ ನೇಷನ್ ಎಂಬ ವಿದ್ವಾಂಸರು ೨೦೦೬ರಲ್ಲಿ ಲೆಕ್ಕ ಹಾಕಿದರು. ಮೊದಲು ಆ ಎರಡು ಸಾವಿರ, ಅದರೊಡನೆ ತಾನು ಓದುವ ಶಾಸ್ತ್ರಕ್ಕೆ ಬೇಕಾದ ಪರಿಭಾಷೆ, ಮಿಕ್ಕುದು ಆಮೇಲೆ.

ಈ ದಾರಿಯಲ್ಲಿ ಕನ್ನಡಿಗನು ಬರಿಗೈಯಲ್ಲಿ ಹೊರಡುವುದಿಲ್ಲ. ಕಚೇರಿ, ಪೇಟೆ, ರೈಲು, ಆಸ್ಪತ್ರೆಗಳ ಮೂಲಕ ನೂರಾರು ಇಂಗ್ಲಿಷ್ ಶಬ್ದಗಳು ಆಗಲೇ ಅವನ ನಾಲಗೆಯ ಮೇಲಿವೆ. ಆದರೆ ಅವು ಕನ್ನಡಕ್ಕೆ ಬಂದ ಮೇಲೆ ಸ್ವಲ್ಪ ಬದಲಾಗಿರುವುದುಂಟು. ಕನ್ನಡದಲ್ಲಿ ಹೋಟೆಲು ಎಂದರೆ ತಿಂಡಿ ಕಾಫಿಯ ಸ್ಥಳ; ಇಂಗ್ಲಿಷಿನಲ್ಲಿ ಅದು ಮುಖ್ಯವಾಗಿ ತಂಗುವ ಸ್ಥಳ. ಕನ್ನಡದಲ್ಲಿ ಕರೆಂಟು ಎಂದರೆ ವಿದ್ಯುತ್ತು ಮಾತ್ರ. ಇಂಗ್ಲಿಷಿನಲ್ಲಿ ಅದು ಯಾವ ಪ್ರವಾಹಕ್ಕೂ ಸಲ್ಲುವುದಲ್ಲದೆ 'ಈಗ ನಡೆಯುತ್ತಿರುವ' ಎಂಬ ಅರ್ಥವನ್ನೂ ಕೊಡುತ್ತದೆ. ತಿಳಿದಿದೆಯೆಂದುಕೊಂಡ ಶಬ್ದವನ್ನೂ ಒಮ್ಮೆ ನಿಘಂಟಿನಲ್ಲಿ ನೋಡುವುದು ಒಳ್ಳೆಯದು.

ವಿಜ್ಞಾನದ ವಿದ್ಯಾರ್ಥಿಗಾದರೋ ಇನ್ನೂ ದೊಡ್ಡ ಕೀಲಿಕೈಯುಂಟು. ಕನ್ನಡದ ಶಾಸ್ತ್ರಪರಿಭಾಷೆಯಲ್ಲಿ ಬಹುಭಾಗವು ಗ್ರೀಕ್ ಲ್ಯಾಟಿನ್ ಮೂಲದ ಶಬ್ದಗಳನ್ನು ಅವಯವಶಃ ಬಿಡಿಸಿ ಮಾಡಿದ ಅನುವಾದವೇ. ಫೋಟೋ ಎಂದರೆ ದ್ಯುತಿ, ಸಿಂಥೆಸಿಸ್ ಎಂದರೆ ಸಂಶ್ಲೇಷಣೆ, ಕೂಡಿದರೆ ದ್ಯುತಿಸಂಶ್ಲೇಷಣೆ. ಹೈಡ್ರೋ ಎಂದರೆ ಜಲ, ಜನ್ ಎಂದರೆ ಜನಕ. ಹೈಡ್ರೋಜನ್ ಎಂಬುದೇ ಜಲಜನಕ. ಆಕ್ಸಿಜನ್ ಎಂಬುದು ಆಮ್ಲಜನಕ. ಮೈಕ್ರೋಸ್ಕೋಪ್ ಎಂಬುದು ಸೂಕ್ಷ್ಮದರ್ಶಕ. ಥರ್ಮಾಮೀಟರ್ ಎಂಬುದು ಉಷ್ಣಮಾಪಕ. ಹೈಡ್ರೋ ಎಂಬುದನ್ನು ಜಲವೆಂದು ಒಮ್ಮೆ ಅರಿತವನಿಗೆ ಡೀಹೈಡ್ರೇಷನ್ ಎಂದರೆ ದೇಹದ ನೀರು ಹೋಗುವುದೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಓದಿದ್ದು ಕೊರತೆಯೆಂದು ತಿಳಿದಿದ್ದ ವಿದ್ಯಾರ್ಥಿಗೆ, ಇಂಗ್ಲಿಷಿನಲ್ಲಿಯೇ ಓದಿದವನಿಗೂ ಕಾಣದ ಶಬ್ದದ ಒಳಗೂಡು ತನಗೆ ಕಾಣುತ್ತದೆಂಬುದು ಆಗ ಗೊತ್ತಾಗುತ್ತದೆ.

ಇದಕ್ಕಿಂತಲೂ ಹಳೆಯದಾದ ನಂಟು ಮತ್ತೊಂದುಂಟು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸನು ೧೭೮೬ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಹೇಳಿದುದು ಪ್ರಸಿದ್ಧವಾಗಿದೆ. ಕನ್ನಡವು ದ್ರಾವಿಡ ಕುಲಕ್ಕೆ ಸೇರಿದುದಾದರೂ, ಅದರಲ್ಲಿ ಬಳಸುವ ಸಂಸ್ಕೃತ ಶಬ್ದಗಳ ಮೂಲಕ ಆ ನಂಟಿನ ಪ್ರಯೋಜನವನ್ನು ಪಡೆಯಬಹುದು. ನಾಮ ಮತ್ತು ನೇಮ್, ದ್ವಾರ ಮತ್ತು ಡೋರ್, ನವ ಮತ್ತು ನ್ಯೂ, ವಿಧವೆ ಮತ್ತು ವಿಡೋ, ಸರ್ಪ ಮತ್ತು ಸರ್ಪೆಂಟ್ ಇವು ನಿಜವಾದ ಬಂಧುಗಳು. ಜಲಜನಕದ 'ಜನ'ವೂ ಹೈಡ್ರೋಜನ್ನಿನ 'ಜನ್' ಎಂಬುದೂ ಒಂದೇ ಧಾತುವಿನವು. ಥರ್ಮೋ ಎಂಬುದು ಸಂಸ್ಕೃತದ ಘರ್ಮಶಬ್ದದ ಸೋದರ. ಆದರೆ ಹೋಲಿಕೆಯಿದ್ದ ಮಾತ್ರಕ್ಕೆ ಬಂಧುತ್ವವನ್ನು ಸಾರಬಾರದು. ಡೇ ಎಂಬುದು ದಿನಶಬ್ದದಂತೆ ತೋರಿದರೂ ಎರಡಕ್ಕೂ ಮೂಲ ಬೇರೆಯೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಕೊಲ್ಲು ಎಂಬುದಕ್ಕೂ ಕಿಲ್ ಎಂಬುದಕ್ಕೂ ಇರುವ ಹೋಲಿಕೆಯು ಕಾಕತಾಳೀಯ. ನೆನಪಿನ ಕೆಲಸಕ್ಕೆ ಕಾಕತಾಳೀಯವೂ ಒದಗುತ್ತದೆಂಬುದು ಬೇರೆ ಮಾತು. ಆರಿಡ್ ಎಂದರೆ ತೇವವಿಲ್ಲದ ಒಣನೆಲ. ಬಟ್ಟೆ ಆರಿತು ಎನ್ನುವ ಕನ್ನಡಿಗನು 'ಆರಿದ' ನೆಲವೆಂದು ಅದನ್ನು ಒಮ್ಮೆ ಕೊಂಡಿಗೆ ಸಿಕ್ಕಿಸಿದರೆ ಬಳಿಕ ಮರೆಯಲಾರ. ಕೊಂಡಿಯನ್ನು ಕೊಂಡಿಯೆಂದು ತಿಳಿದಿದ್ದರಾಯಿತು, ವಂಶಾವಳಿಯೆಂದು ತಿಳಿಯಬಾರದು.

ಇಷ್ಟೆಲ್ಲ ಸಾಮಗ್ರಿಯಿದ್ದರೂ ಒಪ್ಪಿಸಿಕೊಳ್ಳುವವರು ಬೇಕಷ್ಟೆ. ಮೇಲೆ ಹೇಳಿದ ಬಾಲಿಕೆಯ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಕನ್ನಡವನ್ನು ಚೆನ್ನಾಗಿ ಓದಬಲ್ಲ ಅಜ್ಜಿಯೊಬ್ಬಳಿದ್ದಳು. ಬಾಲಿಕೆಯು ಶಬ್ದದ ಪುಸ್ತಕವನ್ನು ಪಕ್ಕಕ್ಕಿಟ್ಟು, ಹಳೆಯ ಮದುವೆಯ ಕರೆಯೋಲೆಗಳನ್ನು ಸಣ್ಣ ಚೀಟಿಗಳಾಗಿ ಕತ್ತರಿಸಿ, ಬರಿದಾದ ಮಗ್ಗುಲಲ್ಲಿ ಮೇಲೆ ಕನ್ನಡದ ಅರ್ಥವನ್ನೂ, ಕೆಳಗೆ ಇಂಗ್ಲಿಷ್ ಶಬ್ದವನ್ನು ಕನ್ನಡಲಿಪಿಯಲ್ಲಿಯೂ ಇಂಗ್ಲಿಷ್ ಲಿಪಿಯಲ್ಲಿಯೂ ಬರೆದಳು. ಸಂಜೆ ಅಡಿಗೆಯ ಕೆಲಸದ ನಡುವೆ ಅಜ್ಜಿಯು ಚೀಟಿಗಳನ್ನು ಕಲಸಿ, ಒಂದನ್ನೆತ್ತಿ, "ಜಡತ್ವ" ಎನ್ನುವಳು. ಮೊಮ್ಮಗಳು "ಇನರ್ಷಿಯ" ಎನ್ನುವಳು. ಸರಿಯಾದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಾದರೆ ಮೊದಲನೆಯ ಡಬ್ಬಿಗೆ. ಮೊದಲನೆಯ ಡಬ್ಬಿಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಪಕ್ಷಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆಗೆಯುವ ನಿಯಮ. ಸೆಬಾಸ್ಟಿಯನ್ ಲೈಟ್ನರ್ ಎಂಬವನು ೧೯೭೨ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಡಬ್ಬಿಯ ಕ್ರಮವೇ ಇದೆ. ಈಚೆಗೆ ದೂರವಾಣಿಯ ಯಂತ್ರಗಳಲ್ಲಿ ಬರುವ ಶಬ್ದಾಭ್ಯಾಸದ ಸಾಧನಗಳಲ್ಲಿ ಹಲವು ಇದೇ ತತ್ತ್ವವನ್ನನುಸರಿಸುತ್ತವೆ. ಬಾಯಲ್ಲಿ ಒಪ್ಪಿಸಿದ ಶಬ್ದವನ್ನು ಬಾಲಿಕೆಯು ಹಾಳೆಯ ಮೇಲೆ ಬರೆದೂ ತೋರಿಸಬೇಕಾಗಿದ್ದಿತು; ಏಕೆಂದರೆ ಇಂಗ್ಲಿಷಿನಲ್ಲಿ ಉಚ್ಚಾರಣೆಯನ್ನು ನಂಬಿ ಅಕ್ಷರಗಳನ್ನು ಬರೆಯುವಂತಿಲ್ಲ. ನೈಫ್ ಎಂಬುದರ ಮೊದಲಿಗೆ ಉಚ್ಚರಿಸದ ಅಕ್ಷರವೊಂದು ಕುಳಿತಿರುತ್ತದೆ.

ಇಂಗ್ಲಿಷ್ ಬಾರದ ಅಜ್ಜಿಯು ಇಂಗ್ಲಿಷ್ ಪಾಠವನ್ನು ಒಪ್ಪಿಸಿಕೊಂಡುದು ವಿನೋದವಾಗಿ ಕಾಣಬಹುದು. ಆದರೆ ಒಪ್ಪಿಸಿಕೊಳ್ಳುವುದಕ್ಕೆ ಪಾಂಡಿತ್ಯಕ್ಕಿಂತ ತಾಳ್ಮೆಯೇ ಮುಖ್ಯ. ಅವಳು ತಪ್ಪಿಗೆ ಬಯ್ಯಲಿಲ್ಲ. ತಪ್ಪಿದ ಚೀಟಿಯನ್ನು ಮೊದಲನೆಯ ಡಬ್ಬಿಗೆ ಹಾಕುವಳು, ಅಷ್ಟೆ. ಮರೆತುದು ಅಪರಾಧವಾಗದೆ, ನಾಳೆ ಮತ್ತೆ ಕೇಳಬೇಕಾದ ಚೀಟಿ ಯಾವುದೆಂಬ ಸುದ್ದಿಯಾಯಿತು. ನಾಲ್ಕು ತಿಂಗಳಲ್ಲಿ ಇನ್ನೂರು ಶಬ್ದಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಕೊನೆಯ ಡಬ್ಬಿಗೆ ಸೇರಿದುವು. ಆ ಬಾಲಿಕೆಯು ತರಗತಿಗೆ ಮೊದಲನೆಯವಳಾಗಲಿಲ್ಲ. ಆದರೆ ವಿಜ್ಞಾನವನ್ನು ಬಿಡಲಿಲ್ಲ. ಪ್ರಶ್ನೆ ಕೇಳುವುದಕ್ಕೆ ತರಗತಿಯಲ್ಲಿ ಎದ್ದು ನಿಲ್ಲುವ ಧೈರ್ಯವೂ ಬಂದಿತು.

ಕೊನೆಯದಾಗಿ ಒಂದು ಎಚ್ಚರಿಕೆ ಅವಶ್ಯ. ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಶಬ್ದಗಳ ವಿಷಯದಲ್ಲಿಯೂ ಹೇಳಬಹುದು. ಚೀಟಿಯಲ್ಲಿ ಕಲಿತ ಶಬ್ದವು ಕೋಶದಲ್ಲಿ ಕುಳಿತ ಶಬ್ದ. ಅದು ವಾಕ್ಯಗಳ ನಾಡಿನಲ್ಲಿ ತಿರುಗಿದಲ್ಲದೆ ಅದರ ನಡೆನುಡಿ ತಿಳಿಯದು. ಕನ್ನಡದಲ್ಲಿ ಊಟ ಮಾಡುತ್ತಾರೆ, ಸ್ನಾನ ಮಾಡುತ್ತಾರೆ, ತಪ್ಪು ಮಾಡುತ್ತಾರೆ, ಕೆಲಸ ಮಾಡುತ್ತಾರೆ. ಎಲ್ಲಕ್ಕೂ ಒಂದೇ ಕ್ರಿಯಾಪದ. ಇಂಗ್ಲಿಷಿನಲ್ಲಿ ಸ್ನಾನಕ್ಕೆ 'ಟೇಕ್', ತಪ್ಪಿಗೆ 'ಮೇಕ್', ಕೆಲಸಕ್ಕೆ 'ಡೂ', ಊಟಕ್ಕೆ 'ಹ್ಯಾವ್'. ಮಿಸ್ಟೇಕ್ ಎಂದರೆ ತಪ್ಪು ಎಂದಷ್ಟೇ ಕಲಿತವನು 'ಡೂ' ಎಂದು ಸೇರಿಸಿ ಎಡವುತ್ತಾನೆ. ಆದುದರಿಂದ ಚೀಟಿಯಲ್ಲಿ ಒಂಟಿ ಶಬ್ದದ ಜೊತೆಗೆ ಅದರ ಸಂಗಾತಿಯನ್ನೂ, ಸಾಧ್ಯವಾದರೆ ಸಣ್ಣದೊಂದು ವಾಕ್ಯವನ್ನೂ ಬರೆಯತಕ್ಕದ್ದು. ಅದರೊಡನೆ, ಬಹುಪಾಲು ಶಬ್ದಗಳು ತಿಳಿದಿರುವಂಥ ಸುಲಭವಾದ ಕಥೆಪುಸ್ತಕಗಳನ್ನು ದಿನಕ್ಕೆ ಎರಡು ಮೂರು ಪುಟ ಓದಬೇಕು. ಅಲ್ಲಿ ಓದುವುದಕ್ಕೆ ತನ್ನ ಸ್ಥಾನವುಂಟು: ಒಪ್ಪಿಸಿ ಗಳಿಸಿದ ಶಬ್ದವು ಪುಟದ ನಡುವೆ ಮತ್ತೆ ಎದುರಾದಾಗ ಅದರ ಇನ್ನೊಂದು ಮುಖ ಕಾಣುತ್ತದೆ.

ದಿನಕ್ಕೆ ಎಂಟು ಹೊಸ ಶಬ್ದಗಳಂತೆ ವಾರಕ್ಕೆ ಆರು ದಿನ, ಒಂದು ದಿನ ಹಳೆಯದಕ್ಕೆ ಮಾತ್ರ ಮೀಸಲು. ಹೀಗೆ ವರ್ಷಕ್ಕೆ ಐವತ್ತು ವಾರ ನಡೆದರೆ ಸಂಖ್ಯೆಯು ೨೪೦೦ ಆಗುತ್ತದೆ. ವೆಸ್ಟನ ಪಟ್ಟಿಗಿಂತ ಅದು ದೊಡ್ಡದೇ. ಇದಕ್ಕೆ ದಿನವೊಂದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುವುದಿಲ್ಲ. ಮನೆಯ ಹಿರಿಯರು ಮಾಡಬೇಕಾದುದು ಇಷ್ಟೆ: ಎಷ್ಟು ಓದಿದೆಯೆಂದು ಕೇಳುವುದನ್ನು ಬಿಟ್ಟು, ಚೀಟಿಗಳನ್ನು ಕೈಗೆ ತೆಗೆದುಕೊಂಡು ಒಪ್ಪಿಸು ಎನ್ನುವುದು; ತಪ್ಪಿದರೆ ಸಿಟ್ಟಾಗದೆ ನಾಳೆಯೂ ಅದನ್ನೇ ಕೇಳುವುದು.